ತೂಬು ಎತ್ತಿದವರ ಹೆಸರು: ನಿಮ್ಮೂರ ಕೆರೆಯ ಜನರನ್ನು ಹುಡುಕುವುದು ಹೇಗೆ

ನಮ್ಮ ತಾತ ನೀರಗಂಟಿ. ಕೋಲಾರ ಜಿಲ್ಲೆಯಲ್ಲಿ, ಆಂಧ್ರದ ಗಡಿ ಕಡೆಗಿರುವ ಒಂದು ಸಣ್ಣ ಊರು ನಮ್ಮದು. ಊರ ಕೆರೆಯ ತೂಬು, ಅಂದರೆ ನೀರು ಬಿಡುವ ಕಂಡಿಯ ಬೆಣೆ, ಎತ್ತುವುದು, ಇಳಿಸುವುದು, ಸರದಿ ಪ್ರಕಾರ ಗದ್ದೆ ಗದ್ದೆಗೂ ನೀರು ಹರಿಸುವುದು, ಜೋರು ಮಳೆ ಬಂದ ರಾತ್ರಿ ಏರಿ ಕಾಯುವುದು, ಇಷ್ಟೂ ಅವರ ಕೆಲಸ. ಅವರಪ್ಪನೂ ಅದನ್ನೇ ಮಾಡಿದವರು. ಆ ಏರಿಯ ಮೇಲೆ ಒಂದು ಶಾಸನದ ಕಲ್ಲಿದೆ. ಕೆರೆ ಕಟ್ಟಿಸಿದವರ ಹೆಸರಿದೆ, ಅವರಪ್ಪನ ಹೆಸರಿದೆ, ಅವರ ದೇವರ ಹೆಸರಿದೆ. ತೂಬು ಎತ್ತಿದ ಒಬ್ಬರ ಹೆಸರೂ ಇಲ್ಲ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ರಾಜರು, ಯುದ್ಧ, ಒಪ್ಪಂದ ಎಲ್ಲ ಹೇಳಿದ್ದೇನೆ. ನಮ್ಮ ತಾತನ ಹೆಸರು ಯಾವ ಪುಸ್ತಕದಲ್ಲಾದರೂ ಇದೆಯಾ ಅಂತ ಹುಡುಕಲು ಶುರು ಮಾಡಿದ್ದು ಮಾತ್ರ ನಲವತ್ತು ದಾಟಿದ ಮೇಲೆ. ಆರು ವರ್ಷ ಹಿಡಿಯಿತು. ಹೇಗೆ ಹುಡುಕಬೇಕು ಅಂತ ಯಾರಾದರೂ ಮೊದಲೇ ಹೇಳಿದ್ದರೆ ಒಂದು ವರ್ಷದಲ್ಲಿ ಮುಗಿಯುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಕೆರೆಯನ್ನು ಹಿಡಿದು ಹೇಳುತ್ತೇನೆ, ಯಾಕೆಂದರೆ ನನಗೆ ಗೊತ್ತಿರುವುದು ಅದು. ನಿಮ್ಮ ಮನೆಯಲ್ಲಿ ಒಬ್ಬರು ಸೂಲಗಿತ್ತಿ ಇದ್ದಿರಬಹುದು, ತೋಟಿ ಇದ್ದಿರಬಹುದು, ಕಲ್ಲು ಒಡೆಯುವವರು ಇದ್ದಿರಬಹುದು. ದಾರಿ ಹೆಚ್ಚುಕಮ್ಮಿ ಇದೇ.

ಮೊದಲು ಮನುಷ್ಯರು, ಆಮೇಲೆ ಕಾಗದ

ನಾನು ಮಾಡಿದ ತಪ್ಪು ಇದು. ಮೊದಲು ಕಚೇರಿಗೆ ಹೋದೆ. ಎರಡು ವರ್ಷ ಕಾಗದದ ಹಿಂದೆ ಬಿದ್ದೆ. ಅಷ್ಟರಲ್ಲಿ ತಾತನ ಜೊತೆ ಕೆಲಸ ಮಾಡಿದ್ದ ಇಬ್ಬರು ಮುದುಕರು ತೀರಿಹೋದರು. ಕಾಗದ ಇನ್ನೂ ಹತ್ತು ವರ್ಷ ಕಾಯುತ್ತದೆ. ಎಂಬತ್ತು ದಾಟಿದವರು ಕಾಯುವುದಿಲ್ಲ. ಈ ಭಾನುವಾರವೇ ಹೋಗಿ.

ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಇನ್ನೂ ಊರಲ್ಲೇ ಇದ್ದಾರೆ. ಮೊದಲ ಸಲ ಅವರ ಮುಂದೆ ಫೋನಿಟ್ಟು, ರೆಕಾರ್ಡ್ ಒತ್ತಿ, "ಅತ್ತೆ, ತಾತನ ಬಗ್ಗೆ ಹೇಳಿ" ಅಂದೆ. ಕನ್ನಡದಲ್ಲಿ ಕೇಳಿದೆ. ಪುಸ್ತಕದ ಕೆಲಸ ಅಲ್ವಾ, ಕನ್ನಡದಲ್ಲೇ ಇರಲಿ ಅಂದುಕೊಂಡಿದ್ದೆ. ಅತ್ತೆ ಸೆರಗು ಸರಿ ಮಾಡಿಕೊಂಡು, ಸಾಹೇಬರ ಮುಂದೆ ಕೂತವರ ಹಾಗೆ, "ನಮ್ಮಪ್ಪ ಒಳ್ಳೆಯವರು, ಕಷ್ಟಪಟ್ಟು ನಮ್ಮನ್ನು ಸಾಕಿದರು" ಅಂದರು. ಅಲ್ಲಿಗೆ ಮುಗಿಯಿತು. ನಮ್ಮ ಮನೆಮಾತು ತೆಲುಗು. ಮುಂದಿನ ಸಲ ಫೋನು ಪಕ್ಕಕ್ಕಿಟ್ಟು ತೆಲುಗಿನಲ್ಲೇ ಮಾತಾಡಿದೆ. ಎರಡೂವರೆ ಗಂಟೆ ಮಾತು ನಿಲ್ಲಲಿಲ್ಲ. ಏರಿಗೆ ಅವರು "ಕಟ್ಟ" ಅಂದರು, ತೂಬಿಗೆ "ತೂಮು" ಅಂದರು, ಕೋಡಿಗೆ "ಮರವ" ಅಂದರು. ಆ ಮಾತುಗಳು ಬಂದ ಮೇಲೆ ನೆನಪುಗಳೂ ಹಿಂದೆಯೇ ಬಂದವು. ನಿಮ್ಮವರು ಯಾವ ಮಾತಿನಲ್ಲಿ ಅತ್ತು ನಕ್ಕು ಮಾಡಿದ್ದಾರೋ ಆ ಮಾತಿನಲ್ಲೇ ಕೇಳಿ.

ಇನ್ನೊಂದು. ಮನೆಯಲ್ಲಿ ಕೂರಿಸಿ ಕೇಳಬೇಡಿ. ಆಗುವುದಾದರೆ ಆ ಜಾಗಕ್ಕೆ ಕರೆದುಕೊಂಡು ಹೋಗಿ. ನಾನು ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ಕೆರೆ ಹತ್ತಿರ ಹೋದೆ. ಆ ವರ್ಷ ನೀರು ಕಡಿಮೆ ಇತ್ತು. ಹಳೇ ತೂಬು ಪೂರ್ತಿ ಕಾಣುತ್ತಿತ್ತು. ನೋಡದವರಿಗೆ ಹೇಳುತ್ತೇನೆ. ಏರಿಯ ಒಳಮೈಯಿಂದ ಸ್ವಲ್ಪ ಮುಂದಕ್ಕೆ, ನೀರೊಳಗೆ, ಎರಡು ಉದ್ದನೆ ಕಲ್ಲುಕಂಬ ನಿಂತಿರುತ್ತವೆ. ನಡುವೆ ಅಡ್ಡಗಲ್ಲು. ಅಡ್ಡಗಲ್ಲಿನಲ್ಲಿ ಒಂದು ತೂತು. ಆ ತೂತಿನಿಂದ ಒಂದು ಉದ್ದ ಮರದ ಕೋಲು ಕೆಳಗಿಳಿದಿರುತ್ತದೆ. ಕೋಲಿನ ತುದಿಯಲ್ಲಿ ಬೆಣೆ. ತಳದ ಕಲ್ಲುಹಾಸಿನಲ್ಲಿರುವ ಕಂಡಿಗೆ ಬೆಣೆ ಕೂತರೆ ನೀರು ನಿಲ್ಲುತ್ತದೆ. ಎತ್ತಿದರೆ ಏರಿಯ ಅಡಿಯಿಂದ ಕಾಲುವೆಗೆ ಹರಿಯುತ್ತದೆ.

ಅತ್ತೆ ಆ ಕಂಬಗಳನ್ನು ನೋಡುತ್ತಾ ಸ್ವಲ್ಪ ಹೊತ್ತು ಸುಮ್ನೆ ನಿಂತರು. ಆಮೇಲೆ ಹೇಳಿದರು: "ಎತ್ತೋದು ಸುಲಭ. ವಾಪಸ್ ಕೂರಿಸೋದೇ ಕಷ್ಟ. ಅಪ್ಪ ಬಾಯಲ್ಲಿ ಚಿಂದಿ ಕಚ್ಚಿಕೊಂಡು ಮುಳುಗೋರು. ಕೈಯಲ್ಲಿ ತಡಕಿ ಕಂಡಿ ಹುಡುಕಬೇಕು. ನೀರು ಒಳಕ್ಕೆ ಎಳೀತಿರುತ್ತೆ. ಹುಲ್ಲು, ಚಿಂದಿ ಸುತ್ತಿ ಬೆಣೆ ಕೂರಿಸಬೇಕು. ಕೈ ಸಿಕ್ಕಿಬಿದ್ದರೆ ಅಷ್ಟೇ." ತಾತನ ಬಲಗೈ ನಡುಬೆರಳು ಡೊಂಕಾಗಿತ್ತು. ಚಿಕ್ಕವಳಿದ್ದಾಗ ಆ ಬೆರಳು ಹಿಡಿದುಕೊಂಡೇ ನಡೆದಿದ್ದೇನೆ. ಅದು ಯಾಕೆ ಡೊಂಕು ಅಂತ ನನಗೆ ಗೊತ್ತಾಗಿದ್ದು ಆ ದಿನ, ಆ ಏರಿಯ ಮೇಲೆ.

ಅದಕ್ಕೇ ಹೇಳುತ್ತೇನೆ, "ಚರಿತ್ರೆ ಹೇಳಿ" ಅಂತ ಕೇಳಬೇಡಿ. ಕೈ ಏನು ಮಾಡುತ್ತಿತ್ತು ಅಂತ ಕೇಳಿ. ಬೆಳಗ್ಗೆ ಎದ್ದ ತಕ್ಷಣ ಎಲ್ಲಿಗೆ ಹೋಗುತ್ತಿದ್ದರು? ಯಾವ ಸಾಮಾನು ಹಿಡಿದಿರುತ್ತಿದ್ದರು? ರಾತ್ರಿ ಸರದಿಯ ಹೊತ್ತು ಹೇಗೆ ಗೊತ್ತಾಗುತ್ತಿತ್ತು? ಕೂಲಿ ಏನು, ಯಾವ ಅಳತೆಯಲ್ಲಿ, ಯಾರ ಕೈಯಿಂದ? ಅದನ್ನು ಕೈಗೆ ಕೊಡುತ್ತಿದ್ದರಾ, ನೆಲಕ್ಕಿಡುತ್ತಿದ್ದರಾ? ಎಲ್ಲಿ ಕೂತು ಉಣ್ಣುತ್ತಿದ್ದರು? ಯಾವ ಬಾವಿಯ ನೀರು? ಈ ಕೊನೆಯ ಪ್ರಶ್ನೆ ಕೇಳಿದಾಗ ಅತ್ತೆ ಹೇಳಿದ್ದನ್ನು ಹಾಗೇ ಬರೆದುಕೊಂಡಿದ್ದೇನೆ: "ಊರಿಗೆಲ್ಲ ನೀರು ಬಿಡೋದು ಅಪ್ಪ. ಊರ ಬಾವಿ ಮೆಟ್ಟಿಲು ಅಪ್ಪ ಹತ್ತೋ ಹಾಗಿರಲಿಲ್ಲ."

ಹೆಂಗಸರ ಬಗ್ಗೆ ಬೇರೆಯಾಗಿ ಕೇಳಿ. ಕೇಳದಿದ್ದರೆ ಅವರು ತಮ್ಮ ಬಗ್ಗೆ ಹೇಳುವುದೇ ಇಲ್ಲ. "ತಾತನಿಗೆ ಜ್ವರ ಬಂದರೆ ನೀರು ಯಾರು ಬಿಡ್ತಿದ್ರು?" ಅಂತ ಕೇಳಿದೆ. ಅತ್ತೆ ನನ್ನ ಮುಖ ನೋಡಿ, ಇದೇನು ಕೇಳೋದು ಅನ್ನುವ ಹಾಗೆ, "ಅವ್ವ" ಅಂದರು. ಅವ್ವ ಅಂದರೆ ನಮ್ಮ ಅಜ್ಜಿ. ಒಂದು ಕೈಯಲ್ಲಿ ಲಾಟೀನು, ಒಂದು ಕೈಯಲ್ಲಿ ಸನಿಕೆ ಹಿಡಿದು ಅಜ್ಜಿ ರಾತ್ರಿಯೆಲ್ಲ ಮಡೆ ತಿರುಗಿಸುತ್ತಿದ್ದರಂತೆ. ಬೆನ್ನಿಗೆ ಕೂಸು. ಆ ಕೂಸು ನಮ್ಮಪ್ಪ. ನೀರಗಂಟಿ ಕೆಲಸ ಗಂಡಸರದು ಅಂತ ಎಲ್ಲ ಕಡೆ ಓದಿದ್ದೆ. ನಮ್ಮ ಮನೆಯಲ್ಲೇ ಅದು ಸುಳ್ಳಾಗಿತ್ತು.

ಇಸವಿ ಕೇಳಿದರೆ ಹಳಬರಿಗೆ ಹೇಳಲು ಬರುವುದಿಲ್ಲ. ಗುರುತು ಕೊಟ್ಟು ಕೇಳಿ. ಗಾಂಧಿ ಸತ್ತಾಗ ನಿಮಗೆ ಎಷ್ಟು ವಯಸ್ಸು? ಅದು 1948. ಮನೆಯಲ್ಲಿ ಹಿರಿಯರು "ಧಾತು ಬರ" ಅಂತ ಹೇಳುತ್ತಿದ್ದರೆ ಅದು 1876-78ರ ದೊಡ್ಡ ಬರ. ಧಾತು, ಅದರ ಮರುವರ್ಷದ ಈಶ್ವರ, ಎರಡೂ ಸಂವತ್ಸರದ ಹೆಸರು. ಊರಿಗೆ ಕರೆಂಟು ಬಂದದ್ದು, ಮೊದಲ ಬಸ್ಸು ಬಂದದ್ದು, ಕೆರೆ ಒಡೆದದ್ದು, ಇವೆಲ್ಲ ಒಳ್ಳೆಯ ಗುರುತುಗಳು.

ಹೊಲದ ಹೆಸರನ್ನೂ ಬಿಡಬೇಡಿ. ಊರು ಸುತ್ತುವಾಗ ಪ್ರತಿ ಹೊಲ, ಗುಂಡಿ, ಬಂಡೆಯ ಹೆಸರು ಬರೆದುಕೊಳ್ಳಿ. "ನೀರಗಂಟಿ ಮಾನ್ಯ", "ತೋಟಿ ಹೊಲ", "ಒಡ್ಡರ ಗುಂಡಿ", ಇಂಥ ಹೆಸರು ಒಂದು ಸಿಕ್ಕರೂ ಅದು ಅರ್ಧ ದಾಖಲೆ. ಮಾನ್ಯ ಅಂದರೆ ಕೆಲಸಕ್ಕಾಗಿ ಕೊಟ್ಟ ಭೂಮಿ. ಈ ಹೆಸರುಗಳು ಬೇಗ ಅಳಿಸಿಹೋಗುತ್ತಿವೆ. ಲೇಔಟ್ ಆದ ತಕ್ಷಣ ಯಾವುದೋ ಎನ್‌ಕ್ಲೇವ್ ಅಂತ ಬೋರ್ಡು ಬೀಳುತ್ತದೆ. ದೊಡ್ಡ ಕೆರೆಗಳಿಗೂ ಇದು ತಪ್ಪಿಲ್ಲ. ಚನ್ನಗಿರಿ ತಾಲೂಕಿನ ಸೂಳೆಕೆರೆಯನ್ನು ಈಗ ಶಾಂತಿಸಾಗರ ಅಂತ ಬರೆಯುತ್ತಾರೆ. ಆ ಜಾಗ ಸೂಳೆಯರದು, ತಮ್ಮ ಹೆಸರು ಉಳಿಸಿದರೆ ಮಾತ್ರ ಕೆರೆಗೆ ಜಾಗ ಬಿಡುತ್ತೇವೆ ಅಂತ ಅವರು ಮಾತು ತೆಗೆದುಕೊಂಡಿದ್ದರು ಅನ್ನುವುದು ಅಲ್ಲಿಯ ಜನ ಹೇಳಿಕೊಂಡು ಬಂದ ಕತೆ. ಹಳೇ ಹೆಸರು ಹೇಳಲು ನಮಗೆ ನಾಚಿಕೆ ಆಗಿರಬಹುದು. ಆದರೆ ಆ ಹೆಂಗಸರು ಕೇಳಿದ್ದು ಅದೊಂದನ್ನೇ ಅಲ್ವಾ?

ಕಲ್ಲು ಓದುವಾಗ "ಇಸು" ಹುಡುಕಿ

ಈಗ ಶಾಸನಕ್ಕೆ ಬರೋಣ. ಹಳೇ ಮೈಸೂರಿನವರಿಗೆ ಒಂದು ಅನುಕೂಲ ಇದೆ. ಬಿ.ಎಲ್. ರೈಸ್ ಅವರು ಜಿಲ್ಲೆವಾರು ಶಾಸನಗಳನ್ನು ಸೇರಿಸಿ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ತಂದರು. ಕೋಲಾರದ್ದು ಹತ್ತನೇ ಸಂಪುಟ, 1905ರದು. ತುಮಕೂರಿನದು ಹನ್ನೆರಡನೆಯದು, ಚಿತ್ರದುರ್ಗದ್ದು ಹನ್ನೊಂದನೆಯದು. ಹಳೇ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಿಂದ ತಿದ್ದಿದ ಹೊಸ ಆವೃತ್ತಿ ತಂದಿದೆ. ಶಾಸನಗಳನ್ನು ತಾಲೂಕುವಾರು ನಂಬರು ಹಾಕಿ ಜೋಡಿಸಿದ್ದಾರೆ. ನಿಮ್ಮ ತಾಲೂಕು ತೆಗೆಯಿರಿ, ಊರ ಹೆಸರು ಹುಡುಕಿ. ಹಳೇ ಕಾಗುಣಿತ ಬೇರೆ ಇರಬಹುದು, ನೆನಪಿರಲಿ. ನಮ್ಮ ಜಿಲ್ಲೆಯಲ್ಲಿ ತಮಿಳು ಶಾಸನಗಳೂ ಜಾಸ್ತಿ, ಚೋಳರ ಕಾಲದವು. ತಮಿಳು ಬರುವುದಿಲ್ಲ ಅಂತ ಬಿಟ್ಟರೆ ನಿಮ್ಮೂರ ಅರ್ಧ ಕತೆ ಬಿಟ್ಟ ಹಾಗೆ.

ಇಂಗ್ಲಿಷ್ ಅನುವಾದ ನೋಡಿ ಮುಗಿಸಬೇಡಿ. ಮೂಲದ ಮಾತು ನೋಡಿ. "ಕೆರೆಯಂ ಕಟ್ಟಿಸಿದಂ" ಅಂತ ಇರುತ್ತದೆ. ಕಟ್ಟಿದ ಬೇರೆ, ಕಟ್ಟಿಸಿದ ಬೇರೆ. ಕನ್ನಡದ ಆ "ಇಸು" ಅನ್ನುವ ಎರಡಕ್ಷರದ ಹಿಂದೆ ಎಷ್ಟು ಜನ ನಿಂತಿದ್ದಾರೆ ಯೋಚಿಸಿ. ಅಗೆದವರು, ಬುಟ್ಟಿ ಹೊತ್ತವರು, ಕಲ್ಲು ಎಳೆದವರು, ಮಣ್ಣು ತುಳಿದವರು. ನಾನು ತರಗತಿಯಲ್ಲಿ ಮಕ್ಕಳಿಗೆ ಇದನ್ನೇ ಹೇಳುತ್ತೇನೆ. ಶಾಸನದಲ್ಲಿ "ಕಟ್ಟಿಸಿದ, ಅಗೆಸಿದ, ಮಾಡಿಸಿದ" ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ಅಡಿಗೆರೆ ಎಳೆಯಿರಿ. ಎಳೆದಾದ ಮೇಲೆ ಕೇಳುತ್ತೇನೆ, ಮಾಡಿದವರು ಯಾರು?

ಇನ್ನು ಕೆಲವು ಮಾತು ಗುರುತಿಟ್ಟುಕೊಳ್ಳಿ. "ಬಿತ್ತುವಟ್ಟ" ಮತ್ತು "ಕಟ್ಟುಕೊಡಗೆ" ಬಂದರೆ ಕೆರೆಯನ್ನು ಕಟ್ಟಿದ್ದಕ್ಕೆ, ನೋಡಿಕೊಳ್ಳುವುದಕ್ಕೆ ಬಿಟ್ಟ ಭೂಮಿ. "ನೆತ್ತರುಗೊಡಗೆ" ಅಂದರೆ ಹೋರಾಡಿ ಸತ್ತವನ ಮನೆಯವರಿಗೆ ಕೊಟ್ಟ ಭೂಮಿ. "ಖಂಡುಗ ಗದ್ದೆ" ಅಂದರೆ ಒಂದು ಖಂಡುಗ ಬೀಜ ಹಿಡಿಸುವಷ್ಟು ಗದ್ದೆ. ಖಂಡುಗ, ಕೊಳಗ ಎರಡೂ ಕಾಳಿನ ಅಳತೆ, ಒಂದು ಖಂಡುಗಕ್ಕೆ 20 ಕೊಳಗ. ವೀರಗಲ್ಲಿನಲ್ಲಿ ಬರಹ ಇಲ್ಲದಿದ್ದರೂ ಕೆತ್ತನೆ ಮಾತಾಡುತ್ತದೆ: ದನಗಳಿದ್ದರೆ ತುರು ಕಾಯುತ್ತಾ ಸತ್ತವನು. ಗಂಡ ಸತ್ತಾಗ ಸತಿ ಹೋದ ಹೆಂಗಸಿಗೆ ನೆಟ್ಟ ಮಾಸ್ತಿಗಲ್ಲಿನಲ್ಲಿ ಬಳೆ ತೊಟ್ಟ ಕೈ ಮೇಲೆತ್ತಿರುತ್ತದೆ, ಕೈಯಲ್ಲಿ ನಿಂಬೆಹಣ್ಣು. ಆ ಹೆಂಗಸಿನ ಹೆಸರು ಎಷ್ಟೋ ಕಲ್ಲಿನಲ್ಲಿ ಇರುವುದಿಲ್ಲ.

ಎರಡು ಶಾಸನ ನನ್ನನ್ನು ತುಂಬ ಕಾಡಿವೆ. ಒಂದು, ಕಡಪ ಜಿಲ್ಲೆಯ ಪೋರುಮಾಮಿಳ್ಳ ಕೆರೆಯದು, 1369ರದು. ವಿಜಯನಗರದ ಒಂದನೇ ಬುಕ್ಕನ ಮಗ ಭಾಸ್ಕರ ಆ ಕೆರೆ ಕಟ್ಟಿಸಿದ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗ ಯಾವುವು, ಬರಬಾರದ ಆರು ದೋಷ ಯಾವುವು, ಎಲ್ಲ ಆ ಕಲ್ಲಿನಲ್ಲಿದೆ. ದಿನಕ್ಕೆ 1,000 ಆಳು, 100 ಬಂಡಿ, 2 ವರ್ಷ ಕೆಲಸ ಮಾಡಿದರು ಅಂತಲೂ ಇದೆ. ಸಾವಿರ ಆಳು ಅಂತ ಎಣಿಸಿದ್ದಾರೆ. ಎಣಿಸಿದ್ದೇ ದೊಡ್ಡದು, ಎಷ್ಟೋ ಕಲ್ಲಿನಲ್ಲಿ ಅದೂ ಇಲ್ಲ. ಆದರೆ ಹೆಸರಿಲ್ಲ.

ಇನ್ನೊಂದು ಮದ್ದೂರು ತಾಲೂಕಿನ ಆತಕೂರಿನದು, ಸುಮಾರು ಕ್ರಿ.ಶ. 949-50ರದು. ಹಂದಿಯ ಜೊತೆ ಕಾದಾಡಿ ಸತ್ತ ಒಂದು ನಾಯಿಗೆ ನೆಟ್ಟ ಕಲ್ಲು ಅದು. ನಾಯಿಯ ಹೆಸರು ಕಾಳಿ. ಅದರ ಒಡೆಯ ಮಣಲೆರ. ಕಲ್ಲಿನ ಪೂಜೆಗೆ ಭೂಮಿಯನ್ನೂ ಬಿಟ್ಟಿದ್ದಾರೆ. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ನಾನು ಅದರ ಮುಂದೆ ತುಂಬ ಹೊತ್ತು ನಿಂತಿದ್ದೆ. ಕಾಳಿಗೆ ಕಲ್ಲು ನೆಟ್ಟವರ ಮೇಲೆ ನನಗೆ ಪ್ರೀತಿಯೇ ಬಂತು. ಸಾವಿರ ವರ್ಷದ ಹಿಂದಿನ ಒಂದು ನಾಯಿಯ ಹೆಸರು ನಮಗೆ ಗೊತ್ತು. ಹಾಗಾದರೆ ಹೆಸರು ಉಳಿಸುವುದು ಆಗದ ಕೆಲಸ ಆಗಿರಲಿಲ್ಲ. ಯಾರ ಹೆಸರು ಉಳಿಯಬೇಕು ಅಂತ ಯಾರೋ ನಿರ್ಧಾರ ಮಾಡುತ್ತಿದ್ದರು.

ಊರ ಕಲ್ಲನ್ನು ನೀವೇ ಓದುವುದಾದರೆ ಸುಣ್ಣ ಬಳಿಯಬೇಡಿ, ಎಣ್ಣೆ ಹಚ್ಚಬೇಡಿ, ತಂತಿ ಬ್ರಷ್ ಹಾಕಿ ಉಜ್ಜಬೇಡಿ. ಕಲ್ಲು ಹಾಳಾಗುತ್ತದೆ. ಬೆಳಗ್ಗೆ ಬೇಗ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ಫೋಟೊ ತೆಗೆಯಿರಿ. ಇನ್ನೂ ಒಳ್ಳೆಯದು, ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಹಿಡಿಯಿರಿ. ಹಗಲಿನಲ್ಲಿ ಕಾಣದ ಅಕ್ಷರ ಎದ್ದು ನಿಲ್ಲುತ್ತವೆ. ಬೆಂಗಳೂರಿನ ಸುತ್ತಮುತ್ತ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ಥ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ, ಆ ಕಡೆಯವರು ಅದನ್ನೂ ನೋಡಬಹುದು.

ಬರಾವರ್ದು

ಕಲ್ಲಿನಲ್ಲಿ ತಾತ ಸಿಗಲಿಲ್ಲ. ಸಿಕ್ಕಿದ್ದು ಕಂದಾಯದ ಪುಸ್ತಕದಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಮೊದಲು ಊರಿಗೆ ಹನ್ನೆರಡು ಆಯಗಾರರು ಅಂತ ಇದ್ದರು. ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಬಡಗಿ, ಕಮ್ಮಾರ, ಕುಂಬಾರ, ಅಗಸ, ಹೀಗೆ. ಸುಗ್ಗಿಯಲ್ಲಿ ಪ್ರತಿ ಮನೆಯಿಂದ ಇವರಿಗೆ ಕಾಳು ಬರುತ್ತಿತ್ತು. ಅದೇ ಆಯ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಈ ಸೀಮೆಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕನನ್ ಕೂಡ ನೀರಗಂಟಿಯ ಕೆಲಸ ಏನು ಅಂತ ಬರೆದುಕೊಂಡಿದ್ದಾನೆ. ಕೆಲವರಿಗೆ ಆಯದ ಜೊತೆ ಇನಾಮ್ತಿ ಜಮೀನೂ, ಅಂದರೆ ಮೇಲೆ ಹೇಳಿದ ಮಾನ್ಯದಂಥ ಭೂಮಿಯೂ, ಇತ್ತು. ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ 1961ರಲ್ಲಿ ಆಯಿತು. ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಿಂದ. ಹುದ್ದೆ ಹೋಯಿತು. ಜಮೀನನ್ನು ಹುದ್ದೆಯಲ್ಲಿದ್ದವರ ಹೆಸರಿಗೇ ಮತ್ತೆ ಮಂಜೂರು ಮಾಡಬೇಕಿತ್ತು. ಇದಕ್ಕೆ ಕಚೇರಿಯಲ್ಲಿ ರೀಗ್ರಾಂಟ್ ಅನ್ನುತ್ತಾರೆ.

ಇದರಿಂದ ನಮಗೇನು ಅನುಕೂಲ? ಜಮೀನು ಅಂದ ಮೇಲೆ ಸರ್ಕಾರ ಹೆಸರು ಬರೆಯಲೇಬೇಕು. ತೋಟಿ, ತಳವಾರ, ನೀರಗಂಟಿ, ಇವರ ಹೆಸರು ಎಲ್ಲಿಯೂ ಇಲ್ಲದಿದ್ದರೂ ಇಲ್ಲಿ ಇರುತ್ತದೆ. ಆ ಪುಸ್ತಕದ ಹೆಸರು ಬರಾವರ್ದು ರಿಜಿಸ್ಟರ್. ಗ್ರಾಮ ಹುದ್ದೆಯವರು ಯಾರು, ಅವರಿಗೆ ಯಾವ ಜಮೀನು ಅಂತ ಬರೆದಿರುವ ಪುಸ್ತಕ. ಈ ಹೆಸರು ಗೊತ್ತಿಲ್ಲದೆ ನಾನು ಎರಡು ವರ್ಷ "ಹಳೇ ದಾಖಲೆ ಕೊಡಿ" ಅಂತ ಕೇಳಿಕೊಂಡು ಓಡಾಡಿದೆ. ಯಾರೂ ಏನೂ ಕೊಡಲಿಲ್ಲ. ಹೆಸರು ಹಿಡಿದು ಕೇಳಿ. ಬರಾವರ್ದು, ಕ್ವಿಟ್ ರೆಂಟ್ ರಿಜಿಸ್ಟರ್, ರೀಗ್ರಾಂಟ್ ಆದೇಶದ ಕಡತ, ಮೂಲ ಸರ್ವೆ ಟಿಪ್ಪಣಿ, ಇಂಡೆಕ್ಸ್ ಆಫ್ ಲ್ಯಾಂಡ್ಸ್, ಕೈಬರಹದ ಪಹಣಿ. ತಾಲೂಕು ಕಚೇರಿಯ ಅಭಿಲೇಖಾಲಯದಲ್ಲಿ ಇವು ಇರಬೇಕು. ಸರ್ವೆ ನಂಬರು ಗೊತ್ತಿದ್ದರೆ ಕೆಲಸ ಸುಲಭ. ಅದಕ್ಕೇ ಮೊದಲು ಹೊಲದ ಹೆಸರು ಹಿಡಿಯಿರಿ ಅಂದದ್ದು. ಈಗಿನ ಪಹಣಿಯಿಂದ ಸರ್ವೆ ನಂಬರು, ಅಲ್ಲಿಂದ ಹಿಂದಕ್ಕೆ ಒಂದೊಂದೇ ಮೆಟ್ಟಿಲು ಇಳಿಯಬೇಕು.

ಕೇಳಿದರೆ ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. 30 ದಿನದಲ್ಲಿ ಉತ್ತರ ಬರಬೇಕು. "ಪ್ರತಿ ಕೊಡಿ" ಅನ್ನುವ ಬದಲು "ಪರಿಶೀಲನೆಗೆ ಅವಕಾಶ ಕೊಡಿ" ಅಂತ ಕೇಳಿ. ನೀವೇ ಕೂತು ಪುಸ್ತಕ ತಿರುವಿದರೆ ಪಕ್ಕದ ಪುಟದಲ್ಲಿರುವುದೂ ಕಾಣುತ್ತದೆ. ಧೂಳಿಗೆ ಮುಖಕ್ಕೊಂದು ಬಟ್ಟೆ, ಒಂದು ಪೆನ್ಸಿಲ್ ತೆಗೆದುಕೊಂಡು ಹೋಗಿ. ಹಳೇ ಪುಟದ ಹತ್ತಿರ ಪೆನ್ನು ಬೇಡ.

ಈಗ ಮುಖ್ಯವಾದ ಮಾತು. ಹೆಸರು ನೀವು ಅಂದುಕೊಂಡ ಹಾಗೆ ಇರುವುದಿಲ್ಲ. ಮನೆಯಲ್ಲಿ ಮುನಿಯಪ್ಪ ಅಂತ ಇದ್ದವರು ಪುಸ್ತಕದಲ್ಲಿ "ಮುನಿಗ" ಆಗಿರುತ್ತಾರೆ. ವೆಂಕಟಪ್ಪ "ಎಂಕಟಿಗ" ಆಗಿರುತ್ತಾರೆ. ಬರೆದವರಿಗೆ ನಮ್ಮವರ ಹೆಸರಿನ ಕೊನೆಗೆ "ಅಪ್ಪ" ಅಂತ ಸೇರಿಸಲು ಕೈ ಬರುತ್ತಿರಲಿಲ್ಲ. ಅದೇ ಪುಟದಲ್ಲಿ ಮೇಲುಜಾತಿಯವರ ಹೆಸರು ಗೌಡ, ರೆಡ್ಡಿ, ಅಯ್ಯ ಅಂತ ಪೂರ್ತಿ ಇರುತ್ತದೆ. ನಾನು ತಾತನ ಪೂರ್ತಿ ಹೆಸರು ಹುಡುಕುತ್ತಾ ಆ ಪುಟವನ್ನು ಎರಡು ಸಲ ದಾಟಿಹೋಗಿದ್ದೆ. ಮೂರನೇ ಸಲ ಅವರಪ್ಪನ ಹೆಸರು ನೋಡಿ ಗುರುತು ಹಿಡಿದೆ. ನೀಲಿ ಶಾಯಿ, ಓರೆ ಅಕ್ಷರ. ಹುದ್ದೆ: ನೀರಗಂಟಿ. ಜಮೀನು: 18 ಗುಂಟೆ. ಹೆಸರು ಅರ್ಧ. ಆದ್ದರಿಂದ ಹೆಸರು ಹುಡುಕುವಾಗ ಮೊದಲ ಎರಡು ಅಕ್ಷರ ಮಾತ್ರ ಹಿಡಿಯಿರಿ. "ಬಿನ್" ಅಂತ ಇರುವ ಕಡೆ ಅಪ್ಪನ ಹೆಸರನ್ನೂ ನೋಡಿ. ಹೆಂಗಸರಾದರೆ "ಕೋಂ" ಅಂತ ಗಂಡನ ಹೆಸರು ಮುಂದಿರುತ್ತದೆ.

ಹೆಂಗಸರು ಕಂದಾಯದ ಪುಸ್ತಕದಲ್ಲಿ ತುಂಬ ಕಡಿಮೆ. ಅಜ್ಜಿ ಅಲ್ಲಿ ಇರಲಿಲ್ಲ.

ಶಾಲೆಯ ದಾಖಲಾತಿ ಪುಸ್ತಕವನ್ನು ಜನ ಮರೆತೇಬಿಡುತ್ತಾರೆ. ಹಳೇ ಪ್ರಾಥಮಿಕ ಶಾಲೆಯಲ್ಲಿ ಒಂದನೇ ನಂಬರಿನಿಂದ ಪುಸ್ತಕ ಇರುತ್ತದೆ. ಮಗುವಿನ ಹೆಸರು, ಅಪ್ಪನ ಹೆಸರು, ಜಾತಿ, ಕಸುಬು, ಬಿಟ್ಟ ತಾರೀಕು, ಬಿಟ್ಟ ಕಾರಣ. "ಎ.ಕೆ.", "ಎ.ಡಿ." ಅಂದರೆ ಆದಿ ಕರ್ನಾಟಕ, ಆದಿ ದ್ರಾವಿಡ. ಹುಟ್ಟಿದ ದಿನವನ್ನು ನಂಬಬೇಡಿ, ಮೇಷ್ಟರು ಜೂನ್ 1 ಅಂತ ಹಾಕಿಬಿಡುತ್ತಿದ್ದರು. ಬಿಟ್ಟ ಕಾರಣದ ಕಾಲಂ ಮಾತ್ರ ಓದಲೇಬೇಕು. ನಮ್ಮ ಕಾಲೋನಿಯ ಮಕ್ಕಳ ಹೆಸರಿನ ಮುಂದೆ ಸಾಲಾಗಿ "ದನ ಕಾಯಲು" ಅಂತ ಇತ್ತು. ಒಬ್ಬ ಹುಡುಗಿಯ ಹೆಸರಿನ ಮುಂದೆ ಏನೂ ಇರಲಿಲ್ಲ, ಗೆರೆ ಎಳೆದಿದ್ದರು. ಆ ಹುಡುಗಿ ನಮ್ಮ ಅತ್ತೆ.

ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೂ ಹೋಗಬಹುದು. ಮೈಸೂರು ಸಂಸ್ಥಾನದ ಕಡತಗಳು ಅಲ್ಲಿವೆ. ಊರ ಸಣ್ಣ ವಿಷಯಕ್ಕಿಂತ ಕೆರೆ ಒಡೆದದ್ದು, ರಿಪೇರಿ, ಜಗಳ, ತಕರಾರು ಅರ್ಜಿ, ಇಂಥವಕ್ಕೆ ಒಳ್ಳೆಯದು. ಜಗಳ ಆದ ಕಡೆ ಬಡವರ ಹೆಸರು ಬರುತ್ತದೆ. ಶಾಂತವಾಗಿ ಕೆಲಸ ಮಾಡಿದ ವರ್ಷಗಳಲ್ಲಿ ಬರುವುದಿಲ್ಲ.

ಬರೆಯುವಾಗ

ನಾನು ಮೂರು ಬಣ್ಣದಲ್ಲಿ ಬರೆಯುತ್ತೇನೆ. ಕಾಗದದಲ್ಲಿ ಕಂಡದ್ದು ನೀಲಿ. ಬಾಯಿಂದ ಕೇಳಿದ್ದು ಹಸಿರು, ಪಕ್ಕದಲ್ಲಿ ಯಾರು ಹೇಳಿದರು, ಯಾವತ್ತು ಅಂತ. ನನ್ನ ಊಹೆ ಕೆಂಪು. ಎರಡೂ ಸೇರದಿದ್ದರೆ ಎರಡನ್ನೂ ಇಟ್ಟುಕೊಳ್ಳಿ. ಪುಸ್ತಕದಲ್ಲಿ 18 ಗುಂಟೆ ಇದೆ, ಅತ್ತೆ "ಮುಕ್ಕಾಲು ಎಕರೆ ಇತ್ತು" ಅನ್ನುತ್ತಾರೆ. ಮುಕ್ಕಾಲು ಎಕರೆ ಅಂದರೆ 30 ಗುಂಟೆ. ಉಳಿದ 12 ಗುಂಟೆ ಎಲ್ಲಿ ಹೋಯಿತು? ಕಾಗದ ಸರಿ, ಬಾಯಿ ತಪ್ಪು ಅಂತ ಮೊದಲೇ ತೀರ್ಮಾನ ಮಾಡಬೇಡಿ. ಕಾಗದ ಬರೆದವರೂ ಮನುಷ್ಯರೇ, ಅವರೂ ಊರಿನ ಒಂದು ಕಡೆಯವರೇ.

ಹಳೇ ದಾಖಲೆಯಲ್ಲಿ ಜಾತಿಯನ್ನು ಬೈಗುಳದ ಹಾಗೆ ಬರೆದಿರುತ್ತಾರೆ. ನಿಮ್ಮ ಟಿಪ್ಪಣಿಯಲ್ಲಿ ಇದ್ದ ಹಾಗೇ ಇಳಿಸಿಕೊಳ್ಳಿ, ಅದೂ ಸಾಕ್ಷಿ. ಹೊರಗೆ ಬರೆಯುವಾಗ ಆ ಜನ ತಮ್ಮನ್ನು ಹೇಗೆ ಕರೆದುಕೊಳ್ಳುತ್ತಾರೋ ಹಾಗೆ ಬರೆಯಿರಿ.

ಒಪ್ಪಿಗೆ ಕೇಳಿ. ಒಂದೇ ಸಲ ಕೇಳಿ ಬಿಡುವುದಲ್ಲ. ಹೇಳುವಾಗ ಕೇಳಿ, ಬರೆದು ಓದಿ ಹೇಳಿದ ಮೇಲೆ ಇನ್ನೊಮ್ಮೆ ಕೇಳಿ. ಅತ್ತೆ ಒಂದು ಜಗಳದ ವಿಷಯ ಹೇಳಿ, ಮಾರನೇ ದಿನ ಫೋನು ಮಾಡಿ "ಅದನ್ನ ಹಾಕ್ಬೇಡ, ಅವರ ಮೊಮ್ಮಕ್ಕಳು ಊರಲ್ಲಿದ್ದಾರೆ" ಅಂದರು. ತೆಗೆದೆ. ಊರಲ್ಲಿ ಇರಬೇಕಾದವರು ಅವರು. ಹಾಗೆಯೇ, ಜಮೀನು ಇದ್ದವರ ಮನೆಯ ಜಗಲಿಯಲ್ಲಿ ಕೂತು ಕೆಲಸ ಮಾಡಿದವರ ಕತೆ ಕೇಳಬೇಡಿ. ನಾನು ಒಮ್ಮೆ ಹಾಗೆ ಮಾಡಿದೆ. ಒಬ್ಬ ಹಿರಿಯರು ನೆಲ ನೋಡುತ್ತಾ "ಎಲ್ಲ ಚೆನ್ನಾಗಿತ್ತು ತಾಯಿ" ಅಂದರು. ಅವರ ಮನೆಗೆ ಹೋಗಿ ಕೇಳಿದಾಗ ಬೇರೆಯದೇ ಕತೆ ಬಂತು.

ತಾತನ ಹೆಸರನ್ನು ಇಲ್ಲಿ ನಾನು ಬರೆದಿಲ್ಲ. ಅದೂ ಅತ್ತೆಯ ಮಾತು. ಮೊದಲು ಊರಲ್ಲಿ ಓದಲಿ, ಕೆರೆ ಕೋಡಿ ಹೋದಾಗ ಗಂಗಮ್ಮನ ಪೂಜೆ ದಿನ, ಎಲ್ಲರ ಮುಂದೆ, ಆಮೇಲೆ ಬೇರೆ ಕಡೆ ಅಂದಿದ್ದಾರೆ.

ಆ ಪುಟದ ಜೆರಾಕ್ಸ್ ತೆಗೆದುಕೊಂಡು ಹೋದ ದಿನ ಅತ್ತೆ ರಾಗಿ ಕೇರುತ್ತಿದ್ದರು. ಮೊರ ಕೆಳಗಿಟ್ಟು, ಕೈ ಒರೆಸಿಕೊಂಡು, "ಎಲ್ಲಿದೆ ತೋರಿಸು" ಅಂದರು. ಓದಲು ಬರುವುದಿಲ್ಲ. ನಾನು ಅವರ ಬೆರಳು ಹಿಡಿದು ಹೆಸರಿನ ಮೇಲಿಟ್ಟೆ. "ಇಷ್ಟೇ ಇಷ್ಟು ಇದ್ಯಲ್ಲೇ" ಅಂದರು. ಅರ್ಧ ಹೆಸರು ಬರೆದಿದ್ದಾರೆ ಅತ್ತೆ ಅಂದೆ. ಸ್ವಲ್ಪ ಹೊತ್ತು ಬಿಟ್ಟು, ಪೆನ್ಸಿಲ್ ಇದ್ಯಾ ಅಂತ ಕೇಳಿದರು. ಪೂರ್ತಿ ಹೆಸರು ಕೆಳಗೆ ಬರಿ ಅಂದರು. ಬರೆದೆ. ಪಕ್ಕದಲ್ಲಿ ಅವ್ವನ ಹೆಸರೂ ಬರಿ ಅಂದರು. ಅದನ್ನೂ ಬರೆದೆ.